ವಸ್ತಿ ಗಾಡಿಯ ಈರಪ್ಪ ಕಾಕಾ

ಈರಪ್ಪ ಕಾಕಾನಿಗೆ ಪ್ರಶ್ನೆ ಕೇಳಿದರೆ ಮೊದಲು ಸಿಗುತ್ತಿದ್ದದ್ದು ಉತ್ತರವಲ್ಲ, ಇನ್ನೊಂದು ಪ್ರಶ್ನೆ. ದಾಂಡೇಲಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತಿದ್ದ ಕಂಟ್ರೋಲರ್ ಅವರು. "ಹಳಿಯಾಳಕ್ಕ ಗಾಡಿ ಎಷ್ಟಕ್ಕೈತ್ರಿ?" ಎಂದು ಯಾರಾದರೂ ಬಗ್ಗಿದರೆ, ಕನ್ನಡಕದ ಮೇಲಿನಿಂದ ನೋಡಿ, "ಯಾರ ಮನಿಗೆ?" ಅನ್ನುತ್ತಿದ್ದರು. ಹೊಸಬರು ಸಿಟ್ಟಾಗುತ್ತಿದ್ದರು. ಹಳಬರು ಮಾತ್ರ ಯಾರ ಮನೆ, ಏನು ಕೆಲಸ, ಸಂಗಡ ಮುದುಕರಿದ್ದಾರೋ ಮಕ್ಕಳಿದ್ದಾರೋ ಎಲ್ಲ ಹೇಳಿ, ತಮಗೆ ತಕ್ಕ ಬಸ್ಸು ಕೇಳಿಕೊಂಡು ಹೋಗುತ್ತಿದ್ದರು.

ನಾನೂ ಒಮ್ಮೆ ಸಿಟ್ಟಾದವಳೇ. ಪಕ್ಷಿಧಾಮವಿರುವ ಅತ್ತಿವೇರಿಗೆ ಹೋಗಲು ಬಸ್ಸು ಕೇಳಿದಾಗ, "ಹಕ್ಕಿ ನೋಡಾಕೋ, ಬೀಗರನ್ನ ನೋಡಾಕೋ?" ಎಂದರು. ನಿಮಗ್ಯಾಕೆ ಅಂದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. "ಹಕ್ಕಿ ನೋಡಾಕ ಅಂದ್ರ ನಸಕಿನ ಗಾಡಿಗೆ ಹೋಗ್ರಿ. ಬೀಗರೇನು ಹಾರಿ ಹೋಗೂದಿಲ್ಲ, ಸಂಜೀಕ ಹೋದ್ರೂ ಸಿಗ್ತಾರ."

ನಾನು ಹುಟ್ಟಿ ಬೆಳೆದದ್ದು ತುಮಕೂರು ಕಡೆ. ಮದುವೆಯಾಗಿ ದಾಂಡೇಲಿಗೆ ಬಂದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೇನೆ. ಕಾಕಾ ನಿವೃತ್ತರಾದ ಮೇಲೆ ಆ ಕಿಟಕಿಯಲ್ಲಿ ಬೇರೆ ಯಾರೂ ಕೂರಲಿಲ್ಲ. ಜನ ಬಸ್ಸು ತಪ್ಪಿಸಿಕೊಂಡು ಒದ್ದಾಡುವುದನ್ನು ನೋಡಿ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆಯ ಬಸ್ಸುಗಳ ವೇಳೆಯನ್ನು ಒಂದು ವೆಬ್‌ಸೈಟಿಗೆ ಹಾಕೋಣವೆಂದು ಹೊರಟೆ. ಪ್ರವಾಸಿಗರೂ ನೋಡಲಿ ಎಂದು ಉಳಿದುಕೊಳ್ಳುವ ಜಾಗಗಳ ಪುಟವನ್ನೂ ಸೇರಿಸಿದೆ. ವೇಳಾಪಟ್ಟಿಯನ್ನು ಕಾಕಾನೇ ಒಂದು ನೋಟುಬುಕ್ಕಿನಲ್ಲಿ ದುಂಡಗೆ ಬರೆದುಕೊಟ್ಟರು. ನಾನು ಅದನ್ನೆಲ್ಲ ಟೈಪು ಮಾಡಿ, ಅಲ್ಲಲ್ಲಿ ಅವರ ಕಾಗುಣಿತ ತಿದ್ದಿ, ಶುದ್ಧ ಕನ್ನಡದ ಸೈಟು ಮಾಡಿದ್ದೇನೆಂದು ಬೀಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಮೊದಲು ಕಾಕಾನ ಕೈಗೇ ಫೋನು ಕೊಟ್ಟೆ. ಅವರು ತೋರುಬೆರಳನ್ನು ಪರದೆಯ ಮೇಲೆ ಒಂದಂಗುಲ ಎತ್ತರದಲ್ಲಿ ಹಿಡಿದು ಕೂತುಬಿಟ್ಟರು, ಮುಟ್ಟಲೊಲ್ಲರು.

"ಒತ್ತಿದ್ರ ಏನಾಗತೈತಿ, ಅದನ್ನ ಮೊದಲ ಹೇಳ್ರಿ ಅಕ್ಕೋರ."

"ಅಲ್ಲೇ ಬರೆದಿದೆಯಲ್ಲ ಕಾಕಾ, ಹುಡುಕಿ ಅಂತ."

"ಏನ್ ಕಳಕೊಂಡೇನಿ ಅಂತ ಹುಡುಕ್ಲಿ? ಗಾಡಿ ಕಳದೈತೇನು?" ಬೆರಳು ಮೇಲಕ್ಕೆ ಸರಿಯಿತು. "ಇದೇನಿದು, ಗಮ್ಯಸ್ಥಾನ? ಯಾವ ತಾಲೂಕಿಗೆ ಬರತೈತಿ ಈ ಊರು? ಮೂವತ್ತು ವರ್ಷದಾಗ ಅಲ್ಲಿಗೆ ಒಂದೂ ಗಾಡಿ ಬಿಟ್ಟಿಲ್ಲ ನಾನು."

ನನಗೆ ನಗು, ಅವಮಾನ ಎರಡೂ ಒಟ್ಟಿಗೆ ಬಂದವು. ಮತ್ತೇನು ಬರೆಯಲಿ ಎಂದು ಕೇಳಿದೆ. "ಎಲ್ಲಿಗೆ ಹೊಂಟೀರಿ ಅಂತ ಕೇಳ್ರಿ. ಕೇಳಿದ್ರ ಮಂದಿ ಹೇಳ್ತಾರ," ಎಂದರು. ಗಮ್ಯಸ್ಥಾನ ಅಂದೇ ಅಳಿಸಿಹೋಯಿತು. "ಎಲ್ಲಿಗೆ ಹೊಂಟೀರಿ?" ಎಂಬ ಅವರ ಮಾತೇ ಮೊದಲ ಪುಟದಲ್ಲಿ ಕೂತಿತು.

ಆಮೇಲೆ ನಿಲ್ದಾಣದಲ್ಲೇ ಕೂತು, ಬಸ್ಸಿಗೆ ಕಾಯುವವರ ಕೈಗೆ ಫೋನು ಕೊಟ್ಟು, ಅವರಿಗೆ ಬಸ್ಸು ಸಿಗುತ್ತದೋ ಇಲ್ಲವೋ ನೋಡೋಣವೆಂದು ಹೊರಟೆವು. ಕಾಕಾ ಸಂಗಡ ಇದ್ದರೆ ಜನ ಸಂಕೋಚಪಡುತ್ತಿರಲಿಲ್ಲ. ನಾನು ಒಂದೇ ಒಂದು ನಿಯಮ ಹಾಕಿದೆ. ಜನ ಎಷ್ಟೇ ತಡವರಿಸಿದರೂ ನಾವು ಬಾಯಿ ಬಿಡಬಾರದು. ನಾವು ಹೇಳಿಕೊಟ್ಟರೆ ಸೈಟಿನ ತಪ್ಪು ನಮಗೆ ಕಾಣುವುದಿಲ್ಲ. ಉತ್ತರ ಹೇಳಿಯೇ ಬದುಕಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರಿರಲಿಲ್ಲ. ಮೊದಲ ದಿನ ಬಂದ ನಾಲ್ವರಿಗೂ, ಅವರು ಫೋನು ಮುಟ್ಟುವ ಮೊದಲೇ ಬಸ್ಸಿನ ವೇಳೆ ಹೇಳಿಬಿಟ್ಟರು. ನಾನು ಗದರಿಸಿದೆ. ಮರುದಿನದಿಂದ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದು ಕೂರತೊಡಗಿದರು.

ಹಾಗೆ ಕೂತಿದ್ದ ಒಂದು ದಿನ ಕುಂಬಾರವಾಡದ ಸಾವಿತ್ರಿ ಎಂಬಾಕೆ ಬಂದಳು. ಹಳಿಯಾಳದಲ್ಲಿ ತಾಯಿಯ ಕಣ್ಣಿನ ಆಪರೇಷನ್ ಮಾಡಿಸಿ ಕರೆದುಕೊಂಡು ಹೊರಟಿದ್ದಳು. ತಾಯಿಯ ಒಂದು ಕಣ್ಣಿಗೆ ಹತ್ತಿಯ ಪಟ್ಟಿ. ನಾಲ್ಕೂವರೆಯ ಹೊತ್ತು. ನಾನು ಕೇಳಿಕೊಂಡದ್ದಕ್ಕೆ ಸಾವಿತ್ರಿ ನಗುತ್ತ ಫೋನು ತೆಗೆದುಕೊಂಡು ಕುಂಬಾರವಾಡ ಎಂದು ಬರೆದಳು. ಮಧ್ಯಾಹ್ನವೇ ಹೋಗಿಬಿಟ್ಟ ಬಸ್ಸೊಂದು ಪರದೆಯ ಮೇಲೆ ಕಾಣಿಸಿತು, ಅಷ್ಟೆ. ಆಕೆ ತಡೆದು, ವಸ್ತಿ ಎಂದು ಬರೆದಳು. 'ಯಾವುದೇ ಫಲಿತಾಂಶ ದೊರೆಯಲಿಲ್ಲ' ಎಂದಿತು ನನ್ನ ಶುದ್ಧ ಕನ್ನಡ.

ಆಕೆಯ ನಗು ಇಳಿಯಿತು. ತಾಯಿಯ ಕಡೆ ತಿರುಗಿ ಕೊಂಕಣಿಯಲ್ಲಿ, "ಆಯೀ, ಗಾಡಿ ನಾ," ಅಂದಳು. ಗಾಡಿ ಇಲ್ಲ. ಮುದುಕಿ ತೆರೆದಿದ್ದ ಒಂದೇ ಕಣ್ಣಿನಿಂದ ಮಗಳನ್ನು ನೋಡಿದಳು.

"ನಮ್ಮ ವಸ್ತಿ ಗಾಡಿ ಬಂದ್ ಮಾಡ್ಯಾರೇನ್ರಿ ಅಕ್ಕಾ?" ಸಾವಿತ್ರಿ ನನ್ನನ್ನು ಕೇಳಿದಳು. "ಆಯಿಗೆ ಧೂಳು ತಾಗಬಾರ್ದು ಅಂದಾರ ಡಾಕ್ಟರು. ಜೀಪಿನ್ಯಾಗ ಹೆಂಗ ಕರಕೊಂಡು ಹೋಗ್ಲಿ?"

ನನಗೆ ಗೊತ್ತಿರಲಿಲ್ಲ. ಕಾಕಾನ ಟವೆಲ್ಲು ಬಾಯಿಯಿಂದ ಜಾರಿ ಕೆಳಗೆ ಬಿತ್ತು.

"ಐತಿ ತಂಗಿ! ಐದಕ್ಕ ಐತಿ! ಆ ಗಿಡದ ಬುಡಕ್ಕ ನಿಂತೈತಿ ನೋಡು. ಹೋಗು, ಆಯಿಗೆ ಮುಂದಿನ ಸೀಟು ಹಿಡಿ."

ತಾಯಿ ಮಗಳು ಹೋಗಿ ಬಸ್ಸು ಹತ್ತುವವರೆಗೂ ಕಾಕಾ ನಿಂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಾ ಬರದಿದ್ದೆನಲ್ರಿ ಅಕ್ಕೋರ. ಎಲ್ಲಿ ಹೋತು ನನ್ನ ವಸ್ತಿ?" ಅಂದರು.

ಹುಡುಕಿದಾಗ ಸಿಕ್ಕಿತು. ಉಳಿಯುವ ಜಾಗಗಳ ಪುಟದಲ್ಲಿ, ಎರಡು ರೆಸಾರ್ಟುಗಳ ನಡುವೆ, 'ಕುಂಬಾರವಾಡ ವಸತಿ, ಸಂಜೆ 5' ಎಂದು ತಣ್ಣಗೆ ಕೂತಿತ್ತು. ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಅಲ್ಲಿಂದ ಹೊರಡುವ ಬಸ್ಸಿಗೆ ಈ ಕಡೆ ವಸ್ತಿ ಗಾಡಿ ಅನ್ನುತ್ತಾರೆ. ನಾನು ಅದನ್ನು ಕಾಕಾನ ಕಾಗುಣಿತದ ತಪ್ಪೆಂದು ತಿಳಿದು ವಸತಿ ಎಂದು ತಿದ್ದಿ, ಹೋಮ್‌ಸ್ಟೇಗಳ ಜೊತೆ ಸೇರಿಸಿದ್ದೆ. ಕಾಡಂಚಿನ ಅಷ್ಟೂ ಊರುಗಳ ಕೊನೆಯ ಬಸ್ಸನ್ನು ಪ್ರವಾಸಿಗರಿಗೆ ಮಲಗಲು ಕೊಟ್ಟಿದ್ದೆ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಕಾಕಾ ಬಯ್ಯಲಿಲ್ಲ. ಬೆಂಚಿನ ಮೇಲೆ ಕೂತು ಟವೆಲ್ಲಿನ ಧೂಳು ಕೊಡವುತ್ತ ಹೇಳಿದರು. "ಗಾಡಿ ಕಣ್ಣಮುಂದ ನಿಂತಿತ್ತು. ಆದ್ರ ಆಕಿ ಫೋನ್ ನಂಬಿದ್ಲು. ವ್ಯಾಳ್ಯಾ ಕೇಳೋರು ವ್ಯಾಳ್ಯಾ ಕೇಳೂದಿಲ್ರಿ ಅಕ್ಕೋರ. ಇವತ್ತ ಮನಿ ಮುಟ್ಟತೇನೋ ಇಲ್ಲೋ, ಅಷ್ಟ ಕೇಳ್ತಾರ."

ಅವತ್ತೇ ಕೂತು ಎಲ್ಲ ತಿದ್ದಿದೆ. ವಸ್ತಿ ಗಾಡಿಗಳು ಮೊದಲ ಪುಟಕ್ಕೆ ಬಂದವು. 'ಫಲಿತಾಂಶ ದೊರೆಯಲಿಲ್ಲ' ಎಂಬಲ್ಲಿ, ಕಾಕಾ ಹೇಳಿದಂತೆ, 'ನಮಗ ಗೊತ್ತಿಲ್ಲ, ಗಾಡಿ ಇರಬಹುದು, ಅಲ್ಲೇ ಯಾರನ್ನರ ಕೇಳ್ರಿ' ಎಂದು ಬರೆದೆ. ಸೈಟಿಗೆ ಇಷ್ಟು ಪ್ರಾಮಾಣಿಕತೆ ಬೇಕೇ ಎಂದು ನಮ್ಮ ಮನೆಯವರು ನಕ್ಕರು. ನಗಲಿ ಬಿಡಿ. ಮುಂದೆ ಎಷ್ಟೋ ವಾರ ನಾವು ಅದೇ ಬೆಂಚಿನ ಮೇಲೆ ಕೂತೆವು, ಜನ ಎಲ್ಲೆಲ್ಲಿ ಎಡವಿದರೋ ಅಲ್ಲಲ್ಲಿ ದಾರಿ ಸರಿಮಾಡಿದೆವು.

ಅವರನ್ನು ಕೊನೆಯ ಸಲ ಕಂಡದ್ದೂ ಅದೇ ಬೆಂಚಿನ ಮೇಲೆ. ಆಗಲೇ ಬಹಳ ಸೊರಗಿದ್ದರು. ಹಳಿಯಾಳದ ತಮ್ಮ ಮನೆಯಿಂದ ಬರುವುದೇ ತ್ರಾಸಾಗಿತ್ತು, ಆದರೂ ಬಂದಿದ್ದರು. ಚೀಲ ಹೊತ್ತ ಒಬ್ಬಾತ ಮುಚ್ಚಿದ ಕಿಟಕಿಯ ಮುಂದೆ ನಿಂತು, ಜೋಯಿಡಾ ಗಾಡಿ ಎಲ್ಲಿ ಎಂದು ಗೊಣಗುತ್ತ ಅತ್ತಿತ್ತ ನೋಡಿದ. ಕಾಕಾನ ತುಟಿ ಅಲುಗಿತು. ಟವೆಲ್ಲು ಬಾಯಿಗೆ ಹೋಯಿತು. ಆತ ಜೇಬಿನಿಂದ ಫೋನು ತೆಗೆದು ನಮ್ಮ ಸೈಟು ತೆರೆದ, ಏನೋ ಒತ್ತಿದ, ತಲೆಯಾಡಿಸಿದ, ನೇರವಾಗಿ ಹೋಗಿ ಜೋಯಿಡಾ ಬಸ್ಸು ಹತ್ತಿದ. ಬಸ್ಸು ಹೊರಟಿತು.

"ಸರಿಯಾದ ಗಾಡೀನ ಹತ್ತಿದ ನೋಡ್ರಿ," ಎಂದರು ಕಾಕಾ. ಟವೆಲ್ಲು ಮಡಿಚಿ ಹೆಗಲಿಗೆ ಹಾಕಿಕೊಂಡು, "ನನ್ನ ಕೇಳಲೇ ಇಲ್ಲ," ಅಂದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ನಾನು ಅವರ ಕೈ ಹಿಡಿದುಕೊಂಡು ಕೂತೆ.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಯಾವುದೋ ಕೆಲಸಕ್ಕೆಂದು ಮುಂಡಗೋಡದಲ್ಲಿದ್ದೆ. ಮಣ್ಣಿಗೆ ಹೊತ್ತಾಗುವ ಮೊದಲು ಹೋಗಿ ಮುಟ್ಟಬೇಕಿತ್ತು. ನಿಲ್ದಾಣದಲ್ಲಿ ನಿಂತು ಫೋನು ತೆರೆದೆ. "ಎಲ್ಲಿಗೆ ಹೊಂಟೀರಿ?" ಎಂದಿತು. ಹಳಿಯಾಳ ಎಂದು ಬರೆದೆ. ಇನ್ನು ಹತ್ತು ನಿಮಿಷದಲ್ಲಿ ಬಸ್ಸಿದೆ ಎಂದು ತೋರಿಸಿತು. ಯಾರ ಮನೆಗೆ ಎಂದು ಅದು ಕೇಳಲಿಲ್ಲ.