ಹಿಂದಿನ ಕೈಗೊಂದು ಸರಪಳಿ

ನಮ್ಮ ಯಜಮಾನರಿಗೆ ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಲ್ಲಿ ಉಳಿದದ್ದು ಒಂದೇ ಮಾತು, ಬೋಡು. ತುಳುವಿನಲ್ಲಿ ಬೋಡು ಎಂದರೆ ಬೇಕು. ಶಾಲೆಯಲ್ಲಿ ಕಲಿತ ಕನ್ನಡ ಹೋಯಿತು, ಕೆಲಸದವರ ಜೊತೆ ಆಡುತ್ತಿದ್ದ ಹರಕುಮುರುಕು ಹಿಂದಿ ಹೋಯಿತು, ನನ್ನ ಹೆಸರೂ ಹೋಯಿತು. ಮನೆಮಾತಿನಲ್ಲಿ ಕೂಡ ಆ ಒಂದನ್ನು ಬಿಟ್ಟು ಮತ್ತೆಲ್ಲ ಗಂಟಲಲ್ಲೇ ಸಿಕ್ಕಿಕೊಂಡಿತು. ಇರಲಿ, ಒಂದಾದರೂ ಉಳಿಯಿತಲ್ಲ ಎಂದು ಮೊದಮೊದಲು ಸಮಾಧಾನ ಮಾಡಿಕೊಂಡೆ. ಆಮೇಲೆ ಆ ಒಂದರ ದೆಸೆಯಿಂದಲೇ ನನ್ನ ತಲೆ ಚಿಟ್ಟು ಹಿಡಿಯಿತು.

ಯಾಕೆಂದರೆ ಏನು ಕೇಳಿದರೂ ಬೋಡು. ಚಾ ಬೋಡಾ? ಬೋಡು. ತಂದು ಹಿಡಿದರೆ ಮುಖ ತಿರುಗಿಸುತ್ತಾರೆ. ಗಂಜಿ ಬೋಡಾ? ಬೋಡು. ಎರಡು ಚಮಚಕ್ಕೆ ಬಾಯಿ ಬಿಗಿಯುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಅದು ಇಡೀ ಊರಿಗೆ ಗೊತ್ತು. ಒಂದು ದಿನ ರೇಗಿಹೋಗಿ, ನನ್ನನ್ನು ಬಾವಿಗೆ ದೂಡಬೇಕಾ ನಿಮಗೆ ಎಂದು ಕೇಳಿದೆ. ಅದಕ್ಕೂ ಬೋಡು ಎಂದರು. ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಡಾಕ್ಟರರನ್ನು ಕೇಳಿದರೆ ಅವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ತಿಳಿದು ಹೇಳುವುದೂ ಇರಬಹುದು, ಬರೀ ಬಾಯಿಗೆ ಬಂದದ್ದೂ ಇರಬಹುದು, ನೋಡುವ ಎಂದರು. ನಾನು ನೋಡಿದೆ, ನೋಡಿದೆ, ಕೊನೆಗೆ ಕೇಳುವುದನ್ನೇ ಕಡಿಮೆ ಮಾಡಿದೆ. ಹೊತ್ತು ಹೊತ್ತಿಗೆ ಉಣಿಸುವುದು, ಮೈ ಒರೆಸುವುದು, ಜಗಲಿಗೆ ತಂದು ಕುರ್ಚಿಯಲ್ಲಿ ಕೂರಿಸುವುದು, ಅಷ್ಟೇ. ಆ ಒಂದು ಮಾತಿನ ಹಿಂದೆ ನಮ್ಮವರು ಇದ್ದಾರೆಯೇ ಇಲ್ಲವೇ ಎಂಬುದು ಮಾತ್ರ ತಿಳಿಯಬೇಕಿತ್ತು ನನಗೆ. ಅದನ್ನು ಯಾರಲ್ಲಿ ಹೋಗಿ ಕೇಳುವುದು?

ಅವರು ಕೂರುತ್ತಿದ್ದ ಕುರ್ಚಿಯ ಎದುರಿಗೇ, ಅಂಗಳದ ಅಂಚಿನಲ್ಲಿ, ಅವರ ಯಂತ್ರ ನಿಂತಿತ್ತು. ನಮ್ಮ ಕಡೆ ಮಣ್ಣು ಅಗೆಯುವ ಗಾಡಿಗೆಲ್ಲ ಜೇಸಿಬಿ ಎಂದೇ ಹೇಳುವುದು. ಇವರದು ಮಾತ್ರ ಟ್ರ್ಯಾಕ್ಟರು. ಅದರ ಮುಂದೆ ಮಣ್ಣು ತಳ್ಳುವ ಬಕೆಟ್ಟು, ಹಿಂದೆ ಅಗೆಯುವ ಉದ್ದದ ಕೈ. ದೊಡ್ಡ ಗಾಡಿ ನುಗ್ಗದ ಕಡೆ ಇದು ನುಗ್ಗುತ್ತಿತ್ತು. ಪೈಪು ಹೂಳುವ ಕಣಿ, ತೋಟದ ಚರಂಡಿ, ಮನೆಯ ಅಡಿಪಾಯ ಎಂದು ಇತ್ತ ಬೆಳ್ತಂಗಡಿ, ಅತ್ತ ಬಂಟ್ವಾಳದವರೆಗೆ ಇವರು ಅಗೆಯದ ಊರಿಲ್ಲ. ಊಟಕ್ಕೆ ಕೂತರೂ ಅದೇ ಸುದ್ದಿ. ಎಲ್ಲಿ ಕಲ್ಲು ಸಿಕ್ಕಿತು, ಎಲ್ಲಿ ನೀರು ಒಸರಿತು ಎಂದು ಹೇಳುತ್ತಾ ಹೇಳುತ್ತಾ ಸಾರು ಆರಿಹೋಗುತ್ತಿತ್ತು. ಆ ಕಬ್ಬಿಣವನ್ನೇ ಕಟ್ಟಿಕೊಳ್ಳಬಹುದಿತ್ತಲ್ಲ ನೀವು ಎಂದು ನಾನು ಗೇಲಿ ಮಾಡುತ್ತಿದ್ದೆ.

ಈಗ ಅವರು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ನೋಡುತ್ತಾ ಕೂರುತ್ತಿದ್ದರು. ನನ್ನ ಮೈದುನನಿಗೆ, ಎಂದರೆ ಅವರ ತಮ್ಮನಿಗೆ, ಅದು ಸರಿಬರಲಿಲ್ಲ. ನೋಡಿ ನೋಡಿ ಅಣ್ಣ ಕೊರಗುತ್ತಾನೆ, ಕಣ್ಣೆದುರಿನಿಂದ ತೆಗೆದರೆ ಮನಸ್ಸು ಸ್ವಲ್ಪ ಹಗುರಾದೀತು, ನಿಂತಲ್ಲೇ ನಿಂತು ತುಕ್ಕು ಹಿಡಿಯುವುದಕ್ಕಿಂತ ಯಾರಿಗಾದರೂ ಕೊಟ್ಟುಬಿಡುವ ಎಂದ. ಬೆಳುವಾಯಿಯಲ್ಲಿ ಒಬ್ಬರು ಬೇಕು ಎನ್ನುತ್ತಿದ್ದರು. ಅವನು ಹೇಳಿದ್ದು ಕೆಟ್ಟದ್ದೇನಲ್ಲ. ಆದರೆ ಒಂದು ಮಾತು ಕೇಳದೆ ಕೊಡುವುದು ಹೇಗೆ? ಮೈದುನನ ಎದುರೇ ನಮ್ಮವರ ಹತ್ತಿರ ಕೂತು, ಈ ಗಾಡಿ ನಮಗೆ ಇನ್ನೂ ಬೋಡಾ ಎಂದು ಕೇಳಿದೆ. ಬೋಡು ಎಂದರು.

ನಾನು ಮೈದುನನ ಮುಖ ನೋಡಿದೆ. ಅವನು ತಲೆ ತಗ್ಗಿಸಿದ.

“ಅತ್ತಿಗೆ, ನಿಮ್ಮನ್ನು ಬಾವಿಗೆ ದೂಡುದಾ ಕೇಳಿದ್ದಕ್ಕೂ ಅವ ಬೋಡು ಹೇಳಿದ್ದಲ್ವಾ? ಇದನ್ನು ಲೆಕ್ಕಕ್ಕೆ ಹಿಡಿಯುದು ಹೇಗೆ?”

ಬೆಳುವಾಯಿಯವರಿಗೆ ಮಾತು ಕೊಟ್ಟಾಯಿತು. ಆದರೂ ಆ ಬೋಡು ಎಂಬುದು ಮೀನಿನ ಮುಳ್ಳಿನ ಹಾಗೆ ನನ್ನ ಗಂಟಲಲ್ಲಿ ಕೂತಿತ್ತು. ನುಂಗಿದರೂ ಹೋಗದು, ಕ್ಯಾಕರಿಸಿದರೂ ಬಾರದು.

ತಿಂಗಳುಗಟ್ಟಲೆ ನಿಂತ ಗಾಡಿಗೆ ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ. ನಮ್ಮ ಗುರುವಾಯನಕೆರೆಯಿಂದ ವೇಣೂರು ದಾಟಿ ಮೂಡುಬಿದಿರೆಯ ತನಕ ರಸ್ತೆ ತಿರುವಿನ ಮೇಲೆ ತಿರುವು, ಆಮೇಲೆ ಬೆಳುವಾಯಿ. ಓಡಿಸಿಕೊಂಡು ಹೋಗುವುದು ಬೇಡ, ಟ್ರೇಲರಿನಲ್ಲೇ ಹಾಕುವ ಎಂದು ಮೈದುನ ಬಂಟ್ವಾಳದಿಂದ ಒಂದನ್ನು ಗೊತ್ತು ಮಾಡಿದ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಂತು. ಡ್ರೈವರು ಗದಗದ ಕಡೆಯವನು, ನಮ್ಮ ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ತುಳು ಒಂದಕ್ಷರ ಬಾರದು. ಅವನ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಪುಸ್ತಕದ ಕನ್ನಡಕ್ಕೆ ಅವನು ನಗುತ್ತಿದ್ದ.

ನಮ್ಮವರನ್ನು ಒಳಗೇ ಕೂರಿಸುವ, ಕಂಡರೆ ಸಂಕಟ ಎಂದು ಮೈದುನ ಹೇಳಿ ನೋಡಿದ. ನನಗೆ ಮನಸ್ಸು ಒಪ್ಪಲಿಲ್ಲ. ಮನೆಯಿಂದ ಹೆಣ ಎತ್ತುವಾಗ ಕೂಡ ಮನೆಯವರನ್ನು ಬಾಗಿಲು ಹಾಕಿ ಕೂರಿಸುತ್ತಾರೆಯೇ? ಕುರ್ಚಿಯನ್ನು ಅಂಗಳಕ್ಕೇ ಇಳಿಸಿದೆ, ಟ್ರೇಲರಿಗೆ ಹತ್ತಿರವಾಗಿ. ಸ್ವಾಧೀನ ತಪ್ಪಿದ ಬಲಗೈಯನ್ನು ಮಡಿಲಲ್ಲಿಟ್ಟು ಮೇಲೊಂದು ಮೈ ಒರೆಸುವ ಬೈರಾಸು ಹೊದಿಸಿದೆ.

ಮೈದುನ ಗಾಡಿಯನ್ನು ಹಲಗೆಯ ಮೇಲಿಂದ ಹತ್ತಿಸಿ ನಿಲ್ಲಿಸಿದ. ಡ್ರೈವರು ಒಳ್ಳೆಯ ಕೆಲಸಗಾರ, ಸುಳ್ಳು ಹೇಳಬಾರದು. ಮುಂದಿನ ಬಕೆಟ್ಟನ್ನು ಟ್ರೇಲರಿನ ನೆಲಕ್ಕೆ ಒತ್ತಿ ಕೂರಿಸಿಕೊಂಡ. ಚಕ್ರಗಳ ಹಿಂದೆ ಮುಂದೆ ಮರದ ಅಡೆ ಇಟ್ಟ. ನಾಲ್ಕು ಮೂಲೆಗೆ ನಾಲ್ಕು ಸರಪಳಿ ಎಳೆದು, ಕಬ್ಬಿಣದ ಸಲಾಕೆ ಕೊಟ್ಟು ತಿರುಚಿ ತಿರುಚಿ ಬಿಗಿ ಮಾಡಿದ. ಹಿಂದಿನ ಉದ್ದದ ಕೈಯನ್ನು ಮಡಚಿ ಆಗಿತ್ತು. ಆ ಕೈ ದಾರಿಯಲ್ಲಿ ಅತ್ತಿತ್ತ ತಿರುಗದ ಹಾಗೆ ಅದರ ಬುಡದಲ್ಲಿ ಒಂದು ದಪ್ಪ ಪಿನ್ನು ಹಾಕಿರುತ್ತಾರೆ. ಪಿನ್ನು ಉಂಟು ಎಂದು ಮೈದುನ ಹೇಳಿ, ಟ್ರೇಲರು ಹಿಂದಕ್ಕೆ ಬರುವಾಗ ಬಸ್ಸು ಕಾರು ತಡೆಯಲು ರಸ್ತೆಗೆ ಹೋದ. ನಾನು ಡ್ರೈವರಿಗೆ ಮಜ್ಜಿಗೆ ತರಲು ಒಳಗೆ ಹೋದೆ.

ನಮ್ಮವರಿಗೆ ಮಾತು ಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಳಗಿದ್ದ ನನಗೆ ಅವನ ದನಿ ಕೇಳಿಸಿತು. “ಅಣ್ಣಾರ, ಹಿಂದಿನ ಕೈಗೂ ಒಂದು ಚೈನು ಬೇಕೇನ್ರಿ?” ಎಂದು ಅವರನ್ನೇ ಕೇಳುತ್ತಿದ್ದ. ಅಷ್ಟು ತಿಂಗಳಲ್ಲಿ ಅವರ ಹತ್ತಿರ ಕೆಲಸದ ಮಾತು ಕೇಳಿದವನು ಅವನೊಬ್ಬನೇ. ಉಳಿದವರೆಲ್ಲ ಕೇಳುತ್ತಿದ್ದದ್ದು ಊಟ ಆಯಿತಾ, ನಿದ್ರೆ ಬಂತಾ ಎಂದು, ತೊಟ್ಟಿಲ ಮಗುವನ್ನು ಕೇಳುವ ಹಾಗೆ.

ಮಜ್ಜಿಗೆ ಹಿಡಿದು ಹೊರಗೆ ಬರುವಾಗ ಅವನು ಉಳಿದ ಸರಪಳಿಯನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ಇನ್ನೊಂದು ಕಟ್ಟುವುದಿಲ್ಲವಾ ಎಂದೆ.

“ಅಣ್ಣಾರು ಬ್ಯಾಡ ಅಂದ್ರರೀ ಅಕ್ಕಾರ.”

ಬೇಡ ಎಂದರಾ? ನಮ್ಮವರಾ? ಹೊಸ ಮಾತು ಬಂತಾ, ಅದೂ ಕನ್ನಡದಲ್ಲಾ? ಲೋಟ ಅಲ್ಲೇ ಇಟ್ಟು ಅವರ ಹತ್ತಿರ ಓಡಿದೆ. ಏನು ಹೇಳಿದಿರಿ, ಇನ್ನೊಮ್ಮೆ ಹೇಳಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು. ಬೋಡು.

ಅಯ್ಯೋ ದೇವರೇ, ಅದೇ. ಓರೆಯಾದ ಬಾಯಿ, ನಾಲಿಗೆ ಹೊರಳದು. ಅವರ ಬೋಡು ಅವನ ಕಿವಿಗೆ ಬ್ಯಾಡ ಆಗಿ ಬಿದ್ದಿದೆ. ಆಸೆಪಟ್ಟದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಅವರದು ಏನು ಕೇಳಿದರೂ ಅದೊಂದೇ, ನೀನು ಹೊರಡು ಎಂದು ಡ್ರೈವರಿಗೆ ಹೇಳಲು ತಿರುಗಿದೆ. ಬೆನ್ನ ಹಿಂದೆ ಮತ್ತೆ ಬೋಡು ಎಂದರು. ಎಡಗೈಯಿಂದ ಕುರ್ಚಿಯ ಕೈಗೆ ಬಡಿದು ಇನ್ನೊಮ್ಮೆ ಎಂದರು.

ನಾನು ನಿಂತೆ. ಯಾರೂ ಏನೂ ಕೇಳಿರಲಿಲ್ಲ. ಅಲ್ಲಿಯವರೆಗೆ ಅವರು ಬೋಡು ಎಂದದ್ದೆಲ್ಲ ನಾವು ಕೇಳಿದ್ದಕ್ಕೆ ಮಾತ್ರ. ಕೇಳದೆ ತಾವಾಗಿ ಒಂದು ಸಲವೂ ಬಾಯಿ ಬಿಟ್ಟವರಲ್ಲ. ಈಗ ನನ್ನ ಕಡೆ ನೋಡದೆ, ಡ್ರೈವರನ್ನೂ ನೋಡದೆ, ಆ ಹಿಂದಿನ ಕೈಯ ಬುಡವನ್ನೇ ನೋಡುತ್ತಾ ಹೇಳುತ್ತಿದ್ದರು.

ಕಟ್ಟು ಮಾರಾಯ ಆ ಸರಪಳಿ ಎಂದೆ. ಪಿನ್ನು ಐತಂತಲ್ರಿ, ಹೊತ್ತಾತು ಎಂದ ಅವನು. ರಸ್ತೆಯಿಂದ ಮೈದುನ ಕೂಗುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಉಂಟೋ ಇಲ್ಲವೋ ನೋಡಿಯೇ ಬಿಡುವ ಎಂದು ನೈಟಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಾನೇ ಟ್ರೇಲರು ಹತ್ತಿದೆ. ಹೆಂಗಸು ಹತ್ತಿದ್ದು ಕಂಡು ಅವನೂ ಗಡಿಬಿಡಿಯಲ್ಲಿ ಹತ್ತಿದ. ಬುಡದಲ್ಲಿ ಒಣಗಿದ ಮಣ್ಣೂ ಗ್ರೀಸೂ ಸೇರಿ ದಪ್ಪಗೆ ಮೆತ್ತಿಕೊಂಡಿತ್ತು. ಬೆರಳು ಹಾಕಿ ಕೆರೆದ, ಇನ್ನಷ್ಟು ಕೆರೆದ. ಆಮೇಲೆ ನನ್ನ ಮುಖ ನೋಡಿದ.

“ತೂತು ಖಾಲಿ ಐತ್ರಿ ಅಕ್ಕಾರ.”

ಹೆಗಲು ಕೊಟ್ಟು ಆ ಕೈಯನ್ನು ಒಮ್ಮೆ ದೂಡಿದ. ಎಣ್ಣೆ ಸೋರುವ ಹಳೆಯ ಗಾಡಿ, ಒತ್ತಿದ ಕಡೆಗೆ ನಿಧಾನವಾಗಿ ಜಾರಿತು. ಮತ್ತೆ ದೂಡಿದ, ಮತ್ತೂ ಜಾರಿ ಟ್ರೇಲರಿನ ಅಂಚಿನಿಂದ ಹೊರಗೆ ಚಾಚಿತು. ವೇಣೂರಿನ ತಿರುವುಗಳಲ್ಲಿ, ಎದುರಿನಿಂದ ಶಾಲೆಯ ಬಸ್ಸು ಬರುವಾಗ ಹೀಗಾಗಿದ್ದರೆ? ಅವನು ಬೆವರು ಒರೆಸಿಕೊಂಡ. ಪಿನ್ನು ಎಲ್ಲಿ ಬಿತ್ತೋ, ಯಾವ ಊರಿನ ಕಣಿಯಲ್ಲಿ ಹೂತುಹೋಯಿತೋ. ಅದು ಇಲ್ಲವೆಂದು ಗೊತ್ತಿದ್ದದ್ದು ಒಬ್ಬರಿಗೇ.

ಕೈಯನ್ನು ನಡುವಿಗೆ ತಂದು, ಉಳಿದಿದ್ದ ಸರಪಳಿಯನ್ನು ಅದಕ್ಕೆ ಸುತ್ತಿ ಎರಡು ಕಡೆಗೂ ಎಳೆದು ಬಿಗಿದ. ನಾನು ಕೆಳಗಿಳಿದೆ. ಈ ಬೋಡು ನಿಜವಾದ ಬೋಡು ಆದರೆ, ಗಾಡಿ ಬೋಡಾ ಎಂದು ಕೇಳಿದಾಗ ಅವರು ಹೇಳಿದ ಬೋಡು ಏನು?

ಅಷ್ಟರಲ್ಲಿ ಮೈದುನ ಬಂದ. ವಿಷಯ ಕೇಳಿ ಮುಖ ಬಿಳಿಚಿಕೊಂಡು ನಿಂತ. ನಿನ್ನ ಅಣ್ಣನನ್ನು ಇನ್ನೊಮ್ಮೆ ಕೇಳುತ್ತೇನೆ, ಬೇಕು ಎಂದರೆ ಗಾಡಿಯನ್ನು ಇಳಿಸುವುದೇ ಎಂದೆ. ಮಾತು ಕೊಟ್ಟಾಗಿದೆ ಅತ್ತಿಗೆ, ಬೆಳುವಾಯಿಯಲ್ಲಿ ಅವರು ಕಾಯುತ್ತಾರೆ ಎಂದು ಮೆಲ್ಲಗೆ ಹೇಳಿದ. ಕಾಯಲಿ, ಬೈಯುವುದಿದ್ದರೆ ನನ್ನನ್ನು ಬೈಯಲಿ ಎಂದೆ.

ಕುರ್ಚಿಯ ಪಕ್ಕ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವರ ಎಡಗೈ ಹಿಡಿದುಕೊಂಡು ತುಳುವಿನಲ್ಲಿ ನಿಧಾನವಾಗಿ ಹೇಳಿದೆ. ಸರಪಳಿ ಕಟ್ಟಿ ಆಯಿತು, ನೀವು ಹೇಳಿದ್ದು ಸರಿ, ಪಿನ್ನು ಇರಲಿಲ್ಲ. ಈಗ ಇದೊಂದು ಹೇಳಿ. ಈ ಗಾಡಿ ನಿಮಗೆ ಬೋಡಾ? ಬೋಡು ಎಂದರೆ ಈಗಲೇ ಇಳಿಸುತ್ತೇನೆ, ಇಲ್ಲೇ ನಿಮ್ಮ ಕಣ್ಣೆದುರು ಇರುತ್ತದೆ, ಯಾರೂ ಮುಟ್ಟುವುದಿಲ್ಲ. ಹೇಳಿಬಿಟ್ಟೆ, ಆದರೆ ಒಳಗೊಳಗೇ ಹೆದರಿಕೆ. ಬೋಡು ಎಂದರೆ ಇಳಿಸುವವಳೇ ನಾನು. ಅದನ್ನು ತಿಳಿದು ಹೇಳಿದರೋ ಹಾಗೇ ಬಂತೋ ಎಂದು ಮಾತ್ರ ಜನ್ಮವಿಡೀ ತಿಳಿಯದೆ ಹೋಗುತ್ತಿತ್ತು.

ಅವರು ಕೂಡಲೇ ಹೇಳಲಿಲ್ಲ. ಅದೇ ಮೊದಲು ಅವರು ತಡ ಮಾಡಿದ್ದು. ಗಾಡಿಯನ್ನು ನೋಡಿದರು, ಮುಂದಿನ ಬಕೆಟ್ಟಿನಿಂದ ಹಿಡಿದು ಹಿಂದಿನ ಕೈಯ ಸರಪಳಿಯವರೆಗೆ. ತುಟಿ ಅಲುಗಿತು, ನಿಂತಿತು. ಕೊರಳಿನ ನರ ಉಬ್ಬಿತು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು.

“ಯಾವು.”

ಡ್ರೈವರು ಬಗ್ಗಿ, ಯಾವ್ದು ಅಂತಾರ್ರೀ, ಯಾವ್ದು ಬೇಕಂತ್ರಿ ಎಂದು ಕೇಳಿದ. ಯಾವುದೂ ಅಲ್ಲ ಮಾರಾಯ, ತುಳುವಿನಲ್ಲಿ ಯಾವು ಎಂದರೆ ಸಾಕು ಎಂದು ಅರ್ಥ ಎಂದೆ. ಮೈದುನ ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಮತ್ತೆ ರಸ್ತೆಗೆ ನಡೆದ.

ಸರಪಳಿ ಸಾಕು ಎಂದರೋ, ಗಾಡಿ ಸಾಕು ಎಂದರೋ ಗೊತ್ತಿಲ್ಲ. ನನ್ನ ಕೇಳುವಿಕೆಯೇ ಸಾಕಾಗಿತ್ತೋ ಏನೋ. ಬೋಡು ಎನ್ನಲಿಲ್ಲ, ಅಷ್ಟು ಸತ್ಯ. ಹೋಗಲಿ ಎಂದು ನಾನು ಡ್ರೈವರಿಗೆ ಕೈ ತೋರಿಸಿದೆ. ಟ್ರೇಲರು ಹಿಂದಕ್ಕೆ ಸರಿದು, ರಸ್ತೆಗೆ ಇಳಿದು, ಗೇರು ಬದಲಿಸಿ ಮುಂದೆ ಹೋಯಿತು. ಹಿಂದಿನ ಕೈ ಅಲುಗಲಿಲ್ಲ.

ಆ ಮಾತು ಮತ್ತೆ ಅವರ ಬಾಯಲ್ಲಿ ಬಂದದ್ದಿಲ್ಲ. ಈಗಲೂ ಏನು ಕೇಳಿದರೂ ಬೋಡು ಎನ್ನುತ್ತಾರೆ, ನಾನೂ ಕೇಳುತ್ತಲೇ ಇರುತ್ತೇನೆ. ಆ ದಿನ ಮಾತ್ರ ಖಾಲಿ ಅಂಗಳದಲ್ಲಿ ಅವರ ಮಡಿಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಗಾಡಿ ಹೋಯಿತೆಂದು ಅಲ್ಲ. ಅಷ್ಟು ತಿಂಗಳು ಆ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂದುಕೊಂಡಿದ್ದೆ. ಅವರೂ ಇದ್ದರು.