ವಿಜಯಕುಮಾರ್ ಮೇಷ್ಟ್ರ ಪಕ್ಕದ ಸೀಟು

ನಮ್ಮ ಮಾರಿಕುಪ್ಪಂ ರೈಲಿನಲ್ಲಿ ಒಂಟಿತನ ಅನ್ನೋ ಕಾಯಿಲೆ ಯಾರಿಗೂ ಬಂದದ್ದಿಲ್ಲ. ಬರೋದಕ್ಕೆ ಅದಕ್ಕೂ ಜಾಗ ಬೇಕಲ್ಲ! ಬೆಳಗಿನ ಗಾಡಿಯಲ್ಲಿ ನೀವು ಬಾಯಿಗಿಟ್ಟ ಇಡ್ಲಿಯನ್ನು ಪಕ್ಕದವನು ಅಗಿದು, ಅವನ ಪಕ್ಕದವನು ನುಂಗಿ, ಬಾಗಿಲಲ್ಲಿ ನೇತಾಡುವವನು ತೇಗುತ್ತಾನೆ. ಬಂಗಾರಪೇಟೆಯಲ್ಲಿ ತಲೆ ಕೆರೆದುಕೊಳ್ಳಲು ಎತ್ತಿದ ಕೈ ಇಳಿಸಬೇಕಾದರೆ ಮಾಲೂರು ಬರಬೇಕು. ಅಷ್ಟರಲ್ಲಿ ಅದು ಕೆರೆದದ್ದು ಯಾರ ತಲೆಯನ್ನೋ ದೇವರೇ ಬಲ್ಲ. ಇಂಥ ಗಾಡಿಯಲ್ಲಿ ಮನುಷ್ಯ ಒಬ್ಬನೇ ಇರೋದು ಸಾಧ್ಯವೇ ಇಲ್ಲ ಅಂತ ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಲು ನಾನು ತಯಾರಿದ್ದೆ.

ವಿಜಯಕುಮಾರ್ ಮೇಷ್ಟ್ರು ಓಡಾಡುತ್ತಿದ್ದದ್ದೂ ಅದೇ ಗಾಡಿಯಲ್ಲಿ.

ಐವತ್ತು ದಾಟಿದ ಬ್ರಹ್ಮಚಾರಿ. ನಂದಿದುರ್ಗ ಅನ್ನೋ ಚಿನ್ನದ ಗಣಿಯ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಎರಡು ಕೋಣೆಯ ಮನೆ. ಕೆ.ಆರ್. ಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಮಾತಾಡೋದು ಕಲಿಸುವ ಕೆಲಸ. ಅದರಲ್ಲೂ ಮಸ್ಟ್, ಮೇ, ಮೈಟ್ ಪಾಠ ಅಂದರೆ ಅವರಿಗೆ ಪ್ರಾಣ. ಮನಸ್ಸಿನ ವಿಷಯವನ್ನು ಹುಷಾರಾಗಿ ಮುಟ್ಟಬೇಕು ಅನ್ನೋದು ಅವರ ಸಿದ್ಧಾಂತ. "ನಿಮಗೆ ಸುಸ್ತಾಗಿದೆ ಅಂತ ಖಂಡಿತವಾಗಿ ಹೇಳೋಕೆ ನಾವು ಯಾರು? 'ಯೂ ಮಸ್ಟ್ ಬಿ ಟಯರ್ಡ್' ಅನ್ನಿ, ಸುಸ್ತಾಗಿರಬೇಕು ಅಂತ. ಅಷ್ಟು ಧೈರ್ಯ ಇಲ್ಲದಿದ್ದರೆ ಮೇ. ಅದಕ್ಕೂ ಧೈರ್ಯ ಸಾಲದಿದ್ದರೆ ಮೈಟ್."

ನಮ್ಮ ಕಡೆ ಮನೆಯಲ್ಲಿ ತೆಲುಗು, ಲೈನಿನಲ್ಲಿ ತಮಿಳು, ಆಫೀಸಿನಲ್ಲಿ ಕನ್ನಡ. ಮೇಷ್ಟ್ರು ಈ ಮೂರನ್ನೂ ದಿನಬಳಕೆಗೆ ಬಿಟ್ಟು, ಮನಸ್ಸಿನ ಸಂಗತಿಗೆ ಇಂಗ್ಲಿಷನ್ನು ಹಬ್ಬದ ಶರಟಿನ ಹಾಗೆ ಎತ್ತಿಟ್ಟಿದ್ದರು. ಹಲ್ಲುನೋವಿನಿಂದ ದವಡೆ ಕುಂಬಳಕಾಯಿಯಾಗಿದ್ದಾಗಲೂ "ಇಟ್ ಮೇ ಬಿ ಪೇನಿಂಗ್" ಅಂದ ಪುಣ್ಯಾತ್ಮ. ತಾಯಿ ತೀರಿಕೊಂಡ ಬೆಳಿಗ್ಗೆ ಪಕ್ಕದ ಮನೆಗೆ ಹೋಗಿ "ಶೀ ಮಸ್ಟ್ ಹ್ಯಾವ್ ಗಾನ್" ಅಂದರಂತೆ. ಮುದುಕಿ ಎಲ್ಲಿಗೆ ಹೋದಳೋ ಅಂತ ಆ ಮನೆಯವರು ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡ್ ತನಕ ಹುಡುಕಿ ಬಂದರು. ಅಲ್ಲಿಂದ ಮುಂದೆ ಮೇಷ್ಟ್ರ ಮನೆಯಲ್ಲಿ ಬಾಯಿ ಬಿಡುತ್ತಿದ್ದದ್ದು ಕುಕ್ಕರ್ ಒಂದೇ.

ಇಂಥವರಿಗೆ ರೈಲಿನಲ್ಲಿ ಕಲಾ ಸಿಕ್ಕಿದರು. ಬೂದಿಕೋಟೆ ಕಡೆಯ ಹಳ್ಳಿಯವರು, ಗಂಡನನ್ನು ಕಳೆದುಕೊಂಡು ಬಹಳ ಕಾಲವಾಗಿತ್ತು. ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ರೈಲು ಹತ್ತಿ, ವೈಟ್‌ಫೀಲ್ಡಿನ ಒಂದು ಅಂಗಡಿಯಲ್ಲಿ ಬಿಲ್ ಹಾಕಲು ಹೋಗುತ್ತಿದ್ದರು. ಬಂಗಾರಪೇಟೆಯಲ್ಲಿ ಹತ್ತುವವರಿಗೆ ಸೀಟು ಅನ್ನೋದು ಬರೀ ಸುದ್ದಿ. ಹಾಗಾಗಿ ಮೇಷ್ಟ್ರು ಮನೆ ಹತ್ತಿರದ ಸ್ಟೇಷನ್ ಬಿಟ್ಟು, ಹಿಂದಕ್ಕೆ, ಗಾಡಿ ಹೊರಡುವ ಮಾರಿಕುಪ್ಪಕ್ಕೇ ಹೋಗಿ, ಕಿಟಕಿ ಪಕ್ಕ ಕಲಾಗೆ ಅಂತ ಟವಲ್ ಹಾಸಿ ಕೂರುತ್ತಿದ್ದರು. ನಮ್ಮ ಗಾಡಿಯಲ್ಲಿ ಟವಲ್ ಹಾಸಿದರೆ ಮುಗಿಯಿತು, ರಿಜಿಸ್ಟರ್ ಆದ ಸೈಟು. ಯಮ ಬಂದರೂ ನಿಂತೇ ಹೋಗಬೇಕು.

ಕಲಾ ಕೂತ ಮೇಲೆ ಇಬ್ಬರದೂ ಒಂದೇ ಆಟ. ಕಿಟಕಿಯಾಚೆ ಕಂಡವರ ಮನಸ್ಸಿನಲ್ಲಿ ಏನಿರಬಹುದು ಅಂತ ಇಂಗ್ಲಿಷಿನಲ್ಲಿ ಹೇಳೋದು.

"ಗೇಟ್‌ಮ್ಯಾನ್ ಮಸ್ಟ್ ಬಿ ಸ್ಲೀಪಿ," ಅನ್ನೋರು ಕಲಾ.

"ಗುಡ್. ಆ ಎಮ್ಮೆ?"

"ಎಮ್ಮೆ ಮೈಟ್ ಬಿ ಆಂಗ್ರಿ ಸಾ. ಕರು ಕಾಣಾಕಿಲ್ಲ."

ಮೇಷ್ಟ್ರ ಮುಖ ಬೆಳಗುತ್ತಿತ್ತು. ದಾರಿಯುದ್ದಕ್ಕೂ ಅವರು ಊಹಿಸದ ಮನಸ್ಸಿಲ್ಲ, ಎರಡನ್ನು ಬಿಟ್ಟು. ಆ ಎರಡರಲ್ಲಿ ಏನಿದೆ ಅಂತ ಇಡೀ ಬೋಗಿಗೆ ಗೊತ್ತಿತ್ತು. ಟಿಕೆಟ್ ಕೇಳೋರಿಗೂ ಗೊತ್ತಿತ್ತು.

ಒಂದು ದಿನ ಟೇಕಲ್ ದಾಟುವಾಗ ಕಲಾ ಆಟ ನಿಲ್ಲಿಸಿದರು.

"ಸಾ, ನಮ್ಮೂರ ಆಲಿನ ಡೈರೀಲಿ ಸೆಕ್ರೆಟರಿ ಕೆಲಸಕ್ಕೆ ಬಾ ಅಂತವ್ರೆ. ನಾನಿನ್ನೂ ಏನೂ ಏಳಿಲ್ಲ. ಸಾಯಂಕಾಲ ಏಳ್ಬೇಕು." ಕಿಟಕಿಯಿಂದ ಮುಖ ತಿರುಗಿಸಿ ಕೇಳಿದರು: "ನಾನು ಈ ರೈಲಿಗೆ ಬರೋದು ಬಿಟ್ಬುಟ್ರೆ ನಿಮ್ಗೆ ಎಂಗಿರ್ತದೆ?"

ಬೋಗಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವನು ಸುಲಿಯೋದು ನಿಲ್ಲಿಸಿದ. ಗಾಡಿಯೂ ಒಂದು ಗಳಿಗೆ ಉಸಿರು ಹಿಡಿದಿತ್ತು ಅಂತ ನನ್ನ ಅನುಮಾನ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಇಟ್ ಮೈಟ್ ಬಿ ಎ ಲಿಟಲ್ ಡಿಫಿಕಲ್ಟ್," ಅಂದರು. ಸ್ವಲ್ಪ ಕಷ್ಟವಾದರೂ ಆಗಬಹುದು.

"ಮೈಟಾ ಸಾ?"

ಮೇಷ್ಟ್ರು ಮಾಲೂರಿನಲ್ಲೂ ಬಾಯಿ ಬಿಡಲಿಲ್ಲ, ದೇವನಗೊಂದಿಯಲ್ಲೂ ಬಿಡಲಿಲ್ಲ. ವೈಟ್‌ಫೀಲ್ಡ್ ಬಂತು. ಕಲಾ "ಬತ್ತೀನಿ ಸಾ" ಅಂತ ಇಳಿದು ಹೋದರು.

ಮರುದಿನದಿಂದ ಅವರು ಬರಲಿಲ್ಲ. ಮೇಷ್ಟ್ರು ಮಾತ್ರ ಟವಲ್ ಹಾಸಿದರು. ಬಂಗಾರಪೇಟೆಯಲ್ಲಿ ಹೂವಿನ ಬುಟ್ಟಿ ಹೊತ್ತು ಹತ್ತುವ ಅಮ್ಮಾಜಮ್ಮ ಕೇಳಿದಳು, "ಯಾರಾನ ಬರ್ತಾರಾ ಸಾಮಿ?"

"ಶೀ ಮೇ ಕಮ್," ಅಂದರು ಮೇಷ್ಟ್ರು. ಟೇಕಲ್‌ನಲ್ಲಿ "ಶೀ ಮೈಟ್" ಅಂದರು. ಮಾಲೂರಿನಲ್ಲಿ ಏನೂ ಅನ್ನಲಿಲ್ಲ.

ಟವಲಿನ ಕಾನೂನು ಮುರಿಯಲು ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ. ಒಬ್ಬರ ಕಾಲ ಮೇಲೆ ನಾಲ್ವರು ನಿಂತ ಗಾಡಿಯಲ್ಲಿ ಅದೊಂದು ಸೀಟು ಖಾಲಿ ಓಡಾಡಿತು, ದಿನಾಲೂ. ಅದರ ಪಕ್ಕದಲ್ಲಿ ಮೇಷ್ಟ್ರು. ಅವರ ಪಕ್ಕೆಗೆ ನನ್ನ ಮೊಣಕೈ ಚುಚ್ಚುತ್ತಿತ್ತು, ಅವರ ಪಾದದ ಮೇಲೆ ಯಾರದೋ ಟಿಫನ್ ಬ್ಯಾಗಿತ್ತು. ಆದರೂ ಆ ಮನುಷ್ಯ ಬಂದ್ ಆದ ಗಣಿಯ ತಳದಲ್ಲಿ ಒಬ್ಬನೇ ಕೂತ ಹಾಗಿದ್ದರು. ಕೋರ್ಟಿನಲ್ಲಿ ಪ್ರಮಾಣ ಮಾಡುವ ಯೋಚನೆಯನ್ನು ನಾನು ಕೈಬಿಟ್ಟೆ.

ಕೊನೆಗೆ ತಡೆಯಲಾರದೆ ಬಾಯಿ ಹಾಕಿದವನು ಮುನೀಂದ್ರ. ಫ್ಯಾಕ್ಟರಿ ಕೆಲಸದವನು, ಬಾಯಿ ಜೋರು, ಮನಸ್ಸು ಒಳ್ಳೇದು. "ಸಾ, ಟವಲ್ಗೆ ಏನ್ ತಿಳೀತದೆ? ಭಾನುವಾರ ಬೂದಿಕೋಟೆ ಬಸ್ ಅತ್ತಿ ಓಗಿ. ಓಗಿ ಏಳ್ಬಿಡಿ."

ಮೇಷ್ಟ್ರು ಹೋದರು. ಸೋಮವಾರ ಗಾಡಿಯಲ್ಲಿ ಅವರ ಪಕ್ಕ ಟವಲ್ ಇರಲಿಲ್ಲ. ಅಮ್ಮಾಜಮ್ಮ ಬುಟ್ಟಿ ತೊಡೆಯ ಮೇಲಿಟ್ಟು ಕಾಲು ಚಾಚಿ ಕೂತಳು. ಅರ್ಧ ಬೋಗಿ ಮೇಷ್ಟ್ರ ಕಡೆ ಬಗ್ಗಿತು.

"ಓಗಿದ್ರಾ ಸಾ?" ಅಂದ ಮುನೀಂದ್ರ.

"ಹೋಗಿದ್ದೆ. ಡೈರಿ ಬಾಗಿಲಲ್ಲೇ ಸಿಕ್ಕಿದರು."

"ಏಳಿದ್ರಾ?"

"ಹೇಳಿದೆ. ನೀವಿಲ್ಲದೆ ನನಗೆ ಆಗ್ತಾ ಇಲ್ಲ ಅಂದೆ. ಕನ್ನಡದಲ್ಲೇ."

"ಅಬ್ಬಾ! ಅದುಕ್ಕವ್ರು?"

ಮೇಷ್ಟ್ರು ಕಿಟಕಿ ಕಡೆ ನೋಡಿದರು. "ಅವತ್ತು ರೈಲಲ್ಲಿ ಇಷ್ಟು ಹೇಳಿದ್ದಿದ್ರೆ ನಾನು ಆ ಕೆಲಸ ಒಪ್ಪಿಕೊಳ್ತಾನೇ ಇರಲಿಲ್ಲ ಸಾ, ಅಂದರು. ಕೇಳಿ ಕಾದೆ, ನಿಮ್ಮ ಮನಸ್ಸಲ್ಲಿ ಏನೂ ಇಲ್ಲ ಅಂದ್ಕೊಂಡೆ, ನಾನೂ ಮನಸ್ಸು ಗಟ್ಟಿ ಮಾಡ್ಕೊಂಡೆ, ಇನ್ನು ಅದನ್ನ ಬಿಚ್ಚೋಕೆ ಆಗಲ್ಲ, ಅಂದರು. ಕಾಫಿ ಕೊಟ್ಟರು. ಬಸ್ಸಿನ ತನಕ ಬಂದರು."

ಮುನೀಂದ್ರನಿಗೆ ಸುಮ್ಮನಿರೋದು ಅಂದರೆ ಮೈ ತುರಿಕೆ. "ಎಲ್ಲಾ ನಿಮ್ಮ ಇಂಗ್ಲೀಷಿಂದ ಕೆಟ್ಟೋಯ್ತು ಸಾ! ಮೇ ಅಂತೆ, ಮೈಟ್ ಅಂತೆ. ಅವತ್ತೇ ನಮ್ಮಂಗೆ ಕನ್ನಡದಾಗೆ ಒಂದ್ ಮಾತು ಒಗ್ದಿದ್ರೆ ಆಗೋಗ್ತಿತ್ತು."

ಮೇಷ್ಟ್ರು ಅವನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ನೀನು ಮದುವೆಯಾದ ದಿನದಿಂದ ಹೆಂಡತಿ ಹತ್ತಿರ ಕನ್ನಡದಲ್ಲೇ ಮಾತಾಡ್ತಿದ್ದೀಯಲ್ಲಪ್ಪ ಮುನೀಂದ್ರ. ಆ ಒಂದು ಮಾತನ್ನ ಯಾವತ್ತು ಒಗೆದೆ?"