ಗಾಣದ ಮುಂದಿನ ಹಲಗೆ

ಮಹಜರಿಗೆ ಬಂದ ಪೊಲೀಸರು "ಈ ಹಲಗೆ ಆಗಲೂ ಇತ್ತಾ?" ಎಂದು ಕೇಳಿದಾಗ ನಾನು "ಇರಲಿಲ್ಲ" ಎನ್ನಬೇಕಿತ್ತು. ಎನ್ನಲಿಲ್ಲ. ಗಾಣಕ್ಕೆ ಸಿಕ್ಕಿ ಕೈ ಹೋಗಿದ್ದು ನನ್ನ ಸ್ವಂತ ತಂಗಿಯದು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು, ನಿಜ. ಆ ಒಂದು ಮಾತಿಗೆ ಓದು ಬೇಕಿರಲಿಲ್ಲ.

ಕೊರೊನಾ ಮುಗಿದ ಮರುವರ್ಷ ಅದು. ನಾನು ಶೇಷಪ್ಪ ಎಂಬವರ ಕಬ್ಬಿನ ಗಾಣಕ್ಕೆ ಡ್ರೈವರ್ ಆಗಿದ್ದೆ. ಗಾಣದ ಡೀಸೆಲ್ ಇಂಜಿನ್ ನೋಡಿಕೊಳ್ಳುವವನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಚಳಿ ಇಳಿಯುವ ಹೊತ್ತಿಗೆ ಗಾಣವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆವು. ಕಬ್ಬು ಬೆಳೆದವರ ಗದ್ದೆಯಂಚಿನಲ್ಲೇ ಆಲೆಮನೆ. ಅಲ್ಲೇ ಕಬ್ಬು ಅರೆದು, ಆ ರಸವನ್ನು, ನಮ್ಮ ಮಾತಿನಲ್ಲಿ ಹಾಲನ್ನು, ಕಾಯಿಸಿ ಬೆಲ್ಲ ಮಾಡುವುದು. ತಂಗಿ ಲಲಿತ ಗಾಣಕ್ಕೆ ಕಬ್ಬು ಕೊಡುವ ಕೆಲಸಕ್ಕೆ ನನ್ನೊಟ್ಟಿಗೆ ಬರುತ್ತಿದ್ದಳು.

ಗಾಣದಲ್ಲಿ ಮೂರು ಕಬ್ಬಿಣದ ರೋಲರುಗಳಿರುತ್ತವೆ. ಅವುಗಳ ಮುಂದೆ ಇಳಿಜಾರಾದ ಒಂದು ಮರದ ಹಲಗೆ, ಅದರ ಕೊನೆಯಲ್ಲಿ ಕಿರಿದಾದ ಕಂಡಿ. ಕಂಡಿಯಲ್ಲಿ ಕಬ್ಬು ತೂರುತ್ತದೆ, ಕೈ ತೂರುವುದಿಲ್ಲ. ಇಡೀ ಯಂತ್ರದಲ್ಲಿ ಮನುಷ್ಯರಿಗೆಂದು ಇಟ್ಟಿದ್ದು ಅದೊಂದೇ.

ಹೊಸನಗರದ ಕಡೆಯ ಆ ಗದ್ದೆಯಲ್ಲಿ ಕಬ್ಬು ಗಾಳಿಗೆ ಮಲಗಿ ಸೊಟ್ಟಗಾಗಿತ್ತು. ಕಂಡಿಗೆ ಸಿಕ್ಕಿಕೊಂಡು ಮತ್ತೆ ಮತ್ತೆ ನಿಲ್ಲುತ್ತಿತ್ತು. ಒಲೆಯ ಮೇಲೆ ಕೊಪ್ಪರಿಗೆ ಕಾಯುತ್ತಿತ್ತು, ಹಾಲು ಸಾಲುತ್ತಿರಲಿಲ್ಲ.

"ಆ ಹಲಗೆ ಒಂದ್ ಬಿಚ್ಚಾ ಮಾರಾಯ, ಅದೇನು ದೇವ್ರ ಬಾಗ್ಲಾ?" ಎಂದರು ಶೇಷಪ್ಪ.

ಲಲಿತ ನನ್ನ ಮುಖ ನೋಡಿದಳು. "ಬಿಚ್ಚಿದ್ರೆ ಕೈ ಹತ್ರ ಬತ್ತದೆ ಕಣಾ ಅಣ್ಣ."

"ನೀನೇನು ಹೊಸಬಳಾ? ನೋಡ್ಕಂಡು ಕೊಡು" ಎಂದು ನಾನೇ ಸ್ಪ್ಯಾನರ್ ತಂದು ಬೋಲ್ಟ್ ಬಿಚ್ಚಿದೆ.

ಮಧ್ಯಾಹ್ನ ಊಟಕ್ಕೆ ಮೊದಲು ಅವಳು ಕೂಗಿದ್ದು ಕೇಳಿತು. ಬಿಸಿಲಿಗೆ, ಮೈ ತುರಿಸುವ ಕಬ್ಬಿನ ಸುಂಕಿಗೆ ಹೆಂಗಸರು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಶರ್ಟ್ ಹಾಕಿಕೊಳ್ಳುತ್ತಾರೆ. ಸೊಟ್ಟ ಕಬ್ಬೊಂದು ಹೊರಳಿ ಶರ್ಟಿನ ತುದಿಯನ್ನು ರೋಲರಿಗೆ ಸಿಕ್ಕಿಸಿತ್ತು. ಡೀಸೆಲ್ ಇಂಜಿನ್ ಬಂದ್ ಮಾಡಿದ ಕೂಡಲೇ ನಿಲ್ಲುವುದಿಲ್ಲ, ಗಾಲಿಯ ಭಾರಕ್ಕೆ ಇನ್ನೂ ಸ್ವಲ್ಪ ತಿರುಗುತ್ತದೆ. ನಾನು ಇಂಜಿನ್ನಿನಿಂದ ಗಾಣಕ್ಕೆ ಹಾಯುವ ಬೆಲ್ಟನ್ನು ದೊಣ್ಣೆಯಿಂದ ಹೊಡೆದು ಕೆಡವಿದೆ. ಅಷ್ಟರಲ್ಲಿ ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತು. ರೋಲರನ್ನು ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದಾಗ ಅವಳಿಗೆ ಎಚ್ಚರವಿರಲಿಲ್ಲ.

ಅವಳನ್ನು ಗದ್ದೆಯವರ ಜೀಪಿನಲ್ಲಿ ಮಲಗಿಸಿದೆವು. ನಾನೂ ಹತ್ತಲು ಹೋದಾಗ ಶೇಷಪ್ಪ ತೋಳು ಹಿಡಿದರು. "ನೀನಿರು. ಮೊದ್ಲು ಆ ಹಲಗೆ ಕೂರ್ಸು. ಬಿಚ್ಚಿದ್ ಕೈ ಯಾರ್ದು ಅಂತ ನೆನಪದ್ಯಲ?"

ತಂಗಿಯನ್ನು ಬೇರೆಯವರ ಜೊತೆ ಆಸ್ಪತ್ರೆಗೆ ಕಳಿಸಿ, ನಾನು ರಕ್ತ ತೊಳೆದು ಬೋಲ್ಟ್ ಬಿಗಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಪೊಲೀಸರು ಬಂದಾಗ ಹಲಗೆ ಗಟ್ಟಿಯಾಗಿ ಕೂತಿತ್ತು. "ಇದಿದ್ದೂ ಕೈ ಹೆಂಗೆ ಹೋಯ್ತು?" ಎಂದು ಕೇಳಿದರು. "ಕೈ ಮೇಲೆ ಮಾಡಿ ಫೋನ್ ನೋಡ್ತಿದ್ಳು ಸಾರ್, ಕೈ ಹಲಗೆ ಮೇಲಿಂದ ದಾಟಿ ರೋಲರಿಗೆ ಬಿತ್ತು" ಎಂದರು ಶೇಷಪ್ಪ. ಅವಳ ಫೋನು ಗದ್ದೆಯವರ ಮನೆಯಲ್ಲಿ ಚಾರ್ಜಿಗೆ ಇತ್ತು. ಇಟ್ಟು ಬಂದವನು ನಾನೇ. ಹಲಗೆ ಆಗಲೂ ಇತ್ತಾ ಎಂದು ಪೊಲೀಸರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೈ ತೆಗೆದರು. ಊರಿನಲ್ಲಿ ಅವಳ ಹೆಸರು ಬಂದಲ್ಲೆಲ್ಲ ಒಂದೇ ಮಾತು: "ಫೋನ್ ನೋಡ್ತಾ ಮಷಿನಿಗೆ ಕೈ ಕೊಟ್ಳು." ಕೊಟ್ಟಳಂತೆ. ನೆಂಟರಿಗೆ ಬೆಲ್ಲ ನೀರು ಕೊಟ್ಟ ಹಾಗೆ. ಯಾರಾದರೂ ತಮ್ಮ ಕೈಯನ್ನು ಕೊಡುತ್ತಾರೆಯೇ? ಯಂತ್ರದ ಬಾಯಿ ತೆರೆದಿಟ್ಟವರನ್ನು ಬಿಟ್ಟು ಕೈ ಕಳೆದುಕೊಂಡವಳನ್ನೇ ದಾನಿ ಮಾಡುವ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಆದರೂ ನಾನು ಅದೇ ಗಾಣಕ್ಕೆ ಡ್ರೈವರಾಗಿ ಹೋಗುತ್ತಿದ್ದೆ.

ಈ ವರ್ಷ ತೀರ್ಥಹಳ್ಳಿ ಕಡೆ ಆಲೆಮನೆ ಹೂಡಿದ್ದೆವು. ಕಬ್ಬು ಕೊಡಲು ಹಾವೇರಿ ಕಡೆಯ ಹೆಂಗಸೊಬ್ಬರು ಕೂತಿದ್ದರು. ಶೇಷಪ್ಪ ನನಗೆ ಮತ್ತೆ ಹಲಗೆ ಬಿಚ್ಚಲು ಹೇಳಿ, ಅವರ ಕಡೆ ತಿರುಗಿ ನಕ್ಕರು. "ಫೋನ್ ಒಂದು ಹಿಡೀಬೇಡ ಮಾರಾಯ್ತಿ. ಇವ್ನ ತಂಗಿ ಹಂಗೆ ಕೈ ಕೊಟ್ಟೀಯ." ಕಬ್ಬಿನ ಹಾಲು ಕುಡಿಯಲು ಬಂದವರೂ ನಕ್ಕರು.

ನಾನು ಇಂಜಿನ್ ಬಂದ್ ಮಾಡಿದೆ. "ಹಲಗೆ ಬಿಚ್ಚಲ್ಲ. ಅವತ್ತು ಬಿಚ್ಚಿದ್ದಕ್ಕೇ ಅವ್ಳ ಕೈ ಹೋಗಿದ್ದು. ಫೋನ್ ಅವ್ಳ ಹತ್ರ ಇರ್ಲೇ ಇಲ್ಲ."

"ಓಹೋ. ಇಷ್ಟ್ ವರ್ಷ ನಾಲ್ಗೆ ಅಡ ಇಟ್ಟಿದ್ಯಾ?" ಎಂದರು ಶೇಷಪ್ಪ.

 ಆ ಹೆಂಗಸು ಎದ್ದು ಗಾಣದಿಂದ ದೂರ ಹೋಗಿ ನಿಂತರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಹಲಗೆ ಬಿಚ್ಚು ಎನ್ನುವವನ ಕೈ ಎಂದೂ ರೋಲರಿನ ಹತ್ತಿರ ಇರುವುದಿಲ್ಲ. ಬಿಚ್ಚುವವನದೂ ಇರುವುದಿಲ್ಲ. ಡ್ರೈವರ್ ಆದವನು ಇಂಜಿನ್ ಹಚ್ಚುವ ಮೊದಲು ಅಲ್ಲಿ ಯಾರ ಕೈ ಇದೆ ಎಂದು ನೋಡಬೇಕು, ಹಲಗೆ ಇಲ್ಲದಿದ್ದರೆ ಹಚ್ಚಬಾರದು.

ಅಲ್ಲಿಂದ ಬಸ್ಸು ಹತ್ತಿ ಇಕ್ಕೇರಿ ಹತ್ತಿರದ ಲಲಿತಳ ಮನೆಗೆ ಹೋದೆ. ಅವಳು ಎಡಗೈಯಲ್ಲಿ ಅಂಗಳ ಗುಡಿಸುತ್ತಿದ್ದಳು. ನಡೆದದ್ದನ್ನು ಹೇಳಿದೆ. ಪೊರಕೆ ಕೆಳಗಿಟ್ಟು ಕೇಳಿದಳು.

"ಹಂಗಾದ್ರೆ ಹಲಗೆ ನಿಜವಾಗ್ಲೂ ಇರ್ಲಿಲ್ವಾ ಅಣ್ಣ? ಆಸ್ಪತ್ರೇಲಿ ಎಚ್ಚರ ಆದ್ಮೇಲೆ ನೀನೂ ಸೇರಿ ಎಲ್ರೂ ಇತ್ತು ಇತ್ತು ಅಂದಿದ್ಕೆ, ನಂಗೇ ತಲೆ ಕೆಟ್ಟಿರ್ಬೇಕು ಅಂದ್ಕಂಡಿದ್ದೆ. ಫೋನೂ ಹಿಡ್ದಿದ್ನೇನೋ ಅಂತ."

ಕೈ ಹೋದದ್ದಷ್ಟೇ ಅಲ್ಲ, ಅವಳ ನೆನಪನ್ನೂ ನಾನು ಕಸಿದಿದ್ದೆ ಎಂದು ಆಗ ತಿಳಿಯಿತು.

"ಇರ್ಲಿಲ್ಲ ಲಲಿತಾ" ಎಂದೆ. "ನಿಂಗೆ ನೆನಪಿರೋದೇ ಸರಿ. ಬಿಚ್ಚಿದ್ದೂ ನಾನೇ, ನಿನ್ನ ಆಸ್ಪತ್ರೆಗೆ ಕಳ್ಸಿ ತಿರುಗಿ ಕೂರ್ಸಿದ್ದೂ ನಾನೇ. ನಾಳೆ ಸ್ಟೇಷನ್ನಿಗೆ ಹೋಗಿ ಇದ್ನೇ ಹೇಳ್ತೀನಿ. ತಪ್ಪಾಯ್ತು ಕಣೇ."